ಅಡುಗೆ ಪುಸ್ತಕದ ಐದನೇ ಪುಟ: ಗ್ರೀಸ್ ಗಡಿಯ ಒಂದು ಪ್ರಕರಣ

ಎಂಬತ್ತು ಪುಟದ ಒಂದು ಅಡುಗೆ ಪುಸ್ತಕ. ಅದು ಅಚ್ಚಾಗಿ ಕೈಗೆ ಬರುವುದಕ್ಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಅಡುಗೆಗಳನ್ನು ಬರೆದು ಮುಗಿಸಿದ್ದು ನಾಲ್ಕೇ ತಿಂಗಳಲ್ಲಿ. ಉಳಿದ ಕಾಲವೆಲ್ಲ ಹೋದದ್ದು ಒಂದು ಪದಕ್ಕೆ.

ಹಿನ್ನೆಲೆ

ಗ್ರೀಸಿನ ವಾಯವ್ಯ ಮೂಲೆಯಲ್ಲಿ ಒಂದು ಪಟ್ಟಣ. ಗಡಿ ದಾಟಿದರೆ ಇನ್ನೊಂದು, ಈಗಿನ ಉತ್ತರ ಮ್ಯಾಸಿಡೋನಿಯಾದಲ್ಲಿ. ಚೆಕ್‌ಪೋಸ್ಟಿನಲ್ಲಿ ಸಾಲು ಇಲ್ಲದಿದ್ದರೆ ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. 2017ರ ಸೆಪ್ಟೆಂಬರಿನಲ್ಲಿ ಎರಡೂ ಕಡೆಯ ಒಂದೊಂದು ಹೈಸ್ಕೂಲಿನಿಂದ ಹನ್ನೆರಡು ಹನ್ನೆರಡು ಮಕ್ಕಳನ್ನು ಸೇರಿಸಿದೆವು. ಪ್ರತಿಯೊಬ್ಬರೂ ಮನೆಯ ಹಿರಿಯರ ಹತ್ತಿರ ಒಂದು ಅಡುಗೆ ಕೇಳಿ ಬರೆದುಕೊಂಡು ಬರಬೇಕು. 24 ಅಡುಗೆ, ಎರಡು ಭಾಷೆ, ಒಂದು ಪುಸ್ತಕ.

ಹಣ ಕೊಟ್ಟದ್ದು ಒಂದು ಸಣ್ಣ ಸಾಂಸ್ಕೃತಿಕ ಸಂಸ್ಥೆ. ನಾನು ಆಗ ಲಂಡನ್ನಿನಲ್ಲಿದ್ದುಕೊಂಡು ಅವರಿಗಾಗಿ ಇಂಥ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದೆ. ನನ್ನನ್ನು ಆರಿಸಿದ್ದು ನಾನು ಜಾಣ ಅಂತಲ್ಲ. ಗ್ರೀಕನಲ್ಲ, ಸ್ಲಾವನಲ್ಲ, ತುರ್ಕನೂ ಅಲ್ಲ, ಅಷ್ಟೇ.

ಹೆಸರು, ಊರು, ಸಂಸ್ಥೆ ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗ್ರೀಕ್ ಕಡೆಯ ಇತಿಹಾಸದ ಅಧ್ಯಾಪಕರನ್ನು ಮೇಷ್ಟ್ರು ಅಂತ, ಆ ಕಡೆಯ ಭಾಷಾ ಅಧ್ಯಾಪಕಿಯನ್ನು ಮೇಡಂ ಅಂತ ಕರೆಯುತ್ತೇನೆ.

ಈ ನೆಲದ ಕಥೆ ಸ್ವಲ್ಪ ಗೊತ್ತಿರಬೇಕು. 1912ರವರೆಗೆ ಎರಡೂ ಊರು ಆಟೋಮನ್ ಸಾಮ್ರಾಜ್ಯದ ಒಂದೇ ಪ್ರಾಂತ್ಯದಲ್ಲಿದ್ದವು. ಬಾಲ್ಕನ್ ಯುದ್ಧ ಮುಗಿದ ಮೇಲೆ ನಡುವೆ ಗೆರೆ ಬಿತ್ತು. 1923ರಲ್ಲಿ ಗ್ರೀಸೂ ಟರ್ಕಿಯೂ ಜನರನ್ನೇ ಅದಲುಬದಲು ಮಾಡಿಕೊಂಡವು. ಇಲ್ಲಿದ್ದ ಮುಸ್ಲಿಮರು ಆ ಕಡೆ ಹೋದರು, ಅಲ್ಲಿದ್ದ ಆರ್ಥೊಡಾಕ್ಸ್ ಕ್ರೈಸ್ತರು ಈ ಕಡೆ ಬಂದರು. ಹಾಗೆ ಕಪ್ಪು ಸಮುದ್ರದ ತೀರದಿಂದ ಬಂದ ಪೊಂತಿಯನ್ ಕುಟುಂಬಗಳು ಈ ಉತ್ತರದ ಹಳ್ಳಿಗಳಲ್ಲಿ ನೆಲೆಯೂರಿದವು. ಮೇಷ್ಟ್ರ ಅಜ್ಜ ಅಜ್ಜಿಯೂ ಹಾಗೇ ಬಂದವರು.

ಅದೇ ಹಳ್ಳಿಗಳಲ್ಲಿ ಮೊದಲಿಂದಲೂ ಸ್ಲಾವಿಕ್ (ರಷ್ಯನ್, ಬಲ್ಗೇರಿಯನ್ ಗುಂಪಿನ ಭಾಷೆ) ಮಾತಾಡುವವರಿದ್ದರು. 1936ರಲ್ಲಿ ಮೆಟಾಕ್ಸಾಸ್ ಸರ್ವಾಧಿಕಾರ ಬಂದಾಗ ಆ ಮಾತನ್ನು ಬೀದಿಯಲ್ಲಿ ಆಡಿದರೂ ದಂಡ. ಹರಳೆಣ್ಣೆ ಕುಡಿಸಿದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆಮೇಲೆ 1946ರಿಂದ 1949ರವರೆಗೆ ಅಂತರ್ಯುದ್ಧ. ಸೋತ ಕಡೆಯ ಸಾವಿರಾರು ಜನ ಮಕ್ಕಳು ಮರಿ ಕಟ್ಟಿಕೊಂಡು ಗಡಿ ದಾಟಿದರು. 1982ರಲ್ಲಿ ಗ್ರೀಸ್ ಸರ್ಕಾರ ಅಂಥವರು ವಾಪಸ್ ಬರಬಹುದು ಅಂದಿತು. ಆದರೆ ಆ ಆದೇಶದಲ್ಲಿ ‘ಗ್ರೀಕ್ ಮೂಲದವರು’ ಎಂಬ ಪದ ಸೇರಿತ್ತು. ಸ್ಲಾವಿಕ್ ಮಾತಿನವರಿಗೆ ಬಾಗಿಲು ತೆರೆಯಲಿಲ್ಲ. ಹೀಗಾಗಿ ಅಕ್ಕ ಈ ಕಡೆ, ತಮ್ಮ ಆ ಕಡೆ ಉಳಿದ ಮನೆಗಳು ಅಲ್ಲಿ ಅಪರೂಪವೇನಲ್ಲ.

ಇನ್ನು ಹೆಸರಿನ ಜಗಳ. 1991ರಲ್ಲಿ ಯುಗೊಸ್ಲಾವಿಯಾ ಒಡೆದು ದಕ್ಷಿಣದ ತುದಿಯಲ್ಲಿ ‘ಮ್ಯಾಸಿಡೋನಿಯಾ ಗಣರಾಜ್ಯ’ ಹುಟ್ಟಿತು. ಗ್ರೀಸಿಗೆ ಅದು ತನ್ನದೇ ಉತ್ತರ ಪ್ರಾಂತ್ಯದ ಹೆಸರು, ಅಲೆಕ್ಸಾಂಡರನ ನಾಡಿನ ಹೆಸರು. 1993ರಲ್ಲಿ ವಿಶ್ವಸಂಸ್ಥೆ ‘ಮಾಜಿ ಯುಗೊಸ್ಲಾವ್ ಮ್ಯಾಸಿಡೋನಿಯಾ ಗಣರಾಜ್ಯ’ ಎಂಬ ತಾತ್ಕಾಲಿಕ ಹೆಸರಲ್ಲಿ ಹೊಸ ದೇಶವನ್ನು ಸೇರಿಸಿಕೊಂಡಿತು. 1994ರಲ್ಲಿ ಗ್ರೀಸ್ ವ್ಯಾಪಾರಕ್ಕೇ ತಡೆ ಹಾಕಿತು. 1995ರಲ್ಲಿ ಆ ದೇಶ ಬಾವುಟ ಬದಲಿಸಿತು, ತಡೆ ಹೋಯಿತು. ಹೆಸರು ಮಾತ್ರ ಹಾಗೇ ಉಳಿಯಿತು. 2008ರಲ್ಲಿ ಗ್ರೀಸ್ ಒಪ್ಪದ ಕಾರಣಕ್ಕೆ ಅವರಿಗೆ ನೇಟೊ ಆಹ್ವಾನ ತಪ್ಪಿತು. ಅವರೂ ಸುಮ್ಮನಿರಲಿಲ್ಲ. ಏರ್‌ಪೋರ್ಟಿಗೆ ಅಲೆಕ್ಸಾಂಡರನ ಹೆಸರಿಟ್ಟರು. ರಾಜಧಾನಿಯ ನಡುಚೌಕದಲ್ಲಿ ಕುದುರೆ ಏರಿದ ವೀರನ ಭಾರಿ ಕಂಚಿನ ಪ್ರತಿಮೆ ನಿಲ್ಲಿಸಿ, ‘ಇವನು ಯಾರೋ ಒಬ್ಬ ಯೋಧ’ ಅಂದರು. ನೋಡಿದವರಿಗೆಲ್ಲ ಗೊತ್ತು ಅವನ್ಯಾರು ಅಂತ.

ಮೊದಲ ದಿನ

ಮೊದಲ ಭೇಟಿ ಗ್ರೀಕ್ ಕಡೆ ಇತ್ತು. ನಾನು ಆ ಕಡೆಯ ಮಕ್ಕಳ ಜತೆ ಬಸ್ಸಿನಲ್ಲಿ ಬಂದೆ. ಗಡಿಯಲ್ಲಿ ಗ್ರೀಕ್ ಅಧಿಕಾರಿ ನನ್ನ ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡು, ಟಪ್ ಅಂತ ಸೀಲು ಒತ್ತಿ ವಾಪಸ್ ಕೊಟ್ಟ. ಆಮೇಲೆ ಮೇಡಂ ಪಾಸ್‌ಪೋರ್ಟ್. ಅದನ್ನು ತೆರೆದು ನೋಡಿದ, ಬಿಳಿ ಹಾಳೆಯ ಒಂದು ತುಂಡು ತೆಗೆದ, ಸೀಲನ್ನು ಅದರ ಮೇಲೆ ಒತ್ತಿದ. ಹಾಳೆಯನ್ನು ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿ ಕೊಟ್ಟ. ಪಾಸ್‌ಪೋರ್ಟಿನ ಮೇಲೆ ‘ಮ್ಯಾಸಿಡೋನಿಯಾ ಗಣರಾಜ್ಯ’ ಅಂತಿದೆಯಲ್ಲ, ಅದರ ಮೇಲೆ ಗ್ರೀಸ್ ಸೀಲು ಹಾಕುವಂತಿಲ್ಲ.

ಮೇಡಂ ಆ ತುಂಡು ಹಾಳೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡರು. "ಮನೇಲಿ ಒಂದು ಡಬ್ಬಿ ತುಂಬ ಇದೆ" ಅಂದರು. ಅಷ್ಟೇ.

ಮಧ್ಯಾಹ್ನ ಮೆಣಸಿನಕಾಯಿ ಸುಡುವ ಕೆಲಸ. ಉದ್ದನೆಯ, ಖಾರವಿಲ್ಲದ ಕೆಂಪು ಮೆಣಸಿನಕಾಯಿ, ಒಂದು ಮೂಟೆ. ಸೌದೆ ಉರಿಯ ಮೇಲೆ ಕಬ್ಬಿಣದ ತಗಡು ಇಟ್ಟು, ಸಿಪ್ಪೆ ಕರ್ರಗಾಗುವ ತನಕ ಹೊರಳಿಸಿ, ಪಾತ್ರೆಗೆ ಹಾಕಿ ಮುಚ್ಚಿಡಬೇಕು. ಬೆವರಿದ ಮೇಲೆ ಸಿಪ್ಪೆ ತಾನಾಗಿ ಬಿಡುತ್ತದೆ. ನಮ್ಮಲ್ಲಿ ಗೊಜ್ಜಿಗೆ ಬದನೆಕಾಯಿ ಸುಟ್ಟು ಸುಲಿಯುತ್ತೇವಲ್ಲ, ಅದೇ ಲೆಕ್ಕ. ಆ ಕಡೆಯವರು ಅದನ್ನು ರುಬ್ಬಿ, ಎಣ್ಣೆಯಲ್ಲಿ ಗಂಟೆಗಟ್ಟಲೆ ಬಾಡಿಸಿ ಐವಾರ್ ಮಾಡುತ್ತಾರೆ. ಈ ಕಡೆಯವರು ಬೆಳ್ಳುಳ್ಳಿ, ವಿನೆಗರ್ ಹಾಕಿ ಹಾಗೇ ಇಡುತ್ತಾರೆ. ಸಂಜೆ ಹೊತ್ತಿಗೆ 24 ಮಕ್ಕಳ ಬೆರಳೂ ಕಪ್ಪು. ಇದು ಸಲೀಸಾಗಿ ಮುಗಿಯುತ್ತೆ ಅಂದುಕೊಂಡೆ.

ತೊಡಕು

2018ರ ಫೆಬ್ರವರಿಯಲ್ಲಿ ಕರಡು ಪ್ರತಿ ಬಂತು. ಕಾಲ ಸರಿಯಿರಲಿಲ್ಲ. ಹೆಸರಿನ ಬಗ್ಗೆ ಎರಡು ಸರ್ಕಾರಗಳು ಮತ್ತೆ ಮಾತುಕತೆ ಶುರು ಮಾಡಿದ್ದವು. ಅದನ್ನು ವಿರೋಧಿಸಿ ಜನವರಿಯಲ್ಲಿ ಥೆಸಲೋನಿಕಿಯಲ್ಲಿ, ಫೆಬ್ರವರಿ 4ರಂದು ಅಥೆನ್ಸಿನಲ್ಲಿ ದೊಡ್ಡ ದೊಡ್ಡ ಮೆರವಣಿಗೆ ಆಗಿದ್ದವು. ಅಂಥ ಹೊತ್ತಿನಲ್ಲಿ ನಮ್ಮ ಕರಡಿನ ಎರಡನೇ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹೀಗಿತ್ತು: ‘ಮ್ಯಾಸಿಡೋನಿಯನ್ ಭಾಷೆಯಿಂದ ಅನುವಾದ.’

ಒಬ್ಬ ವಿದ್ಯಾರ್ಥಿಯ ಅಪ್ಪ ಅದರ ಫೋಟೊ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಮಾರನೇ ದಿನ ಗ್ರೀಕ್ ಶಾಲೆಯಿಂದ ಪತ್ರ: ಪುಸ್ತಕದ ಮೇಲೆ ನಮ್ಮ ಹೆಸರು ಬೇಡ.

ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. ಸಿಟ್ಟಿನ ಮನುಷ್ಯ ಅಲ್ಲ ಅವರು. "ನೋಡಿ, ನಾನೂ ಮ್ಯಾಸಿಡೋನಿಯಾದವನೇ" ಅಂದರು. "ನನ್ನ ಪ್ರಾಂತ್ಯದ ಹೆಸರು ಅದು. ಥೆಸಲೋನಿಕಿಯ ಏರ್‌ಪೋರ್ಟಿಗೂ ಅದೇ ಹೆಸರು. ನಮ್ಮ ಮನೆಯವರು ಒಂದು ಸಲ ಊರು ಕಳಕೊಂಡು ಇಲ್ಲಿಗೆ ಬಂದೋರು. ಪಕ್ಕದವನು ಬಂದು ‘ಈ ಹೆಸರು ನಂದು’ ಅಂದರೆ, ನಾಳೆ ‘ಈ ಮನೆಯೂ ನಂದು’ ಅನ್ನಬಹುದು ಅಂತ ನಮ್ಮ ಅಮ್ಮನಿಗೆ ಈಗಲೂ ಭಯ."

ಆ ಭಯವನ್ನು ಪ್ರಚಾರದ ಮಾತು ಅಂತ ತಳ್ಳಿಹಾಕುವುದು ಸುಲಭ. ನಾನೂ ಒಂದೆರಡು ದಿನ ಹಾಗೇ ಮಾಡಿದೆ. ತಪ್ಪು. 1940ರ ದಶಕದಲ್ಲಿ ಆ ಗಡಿಯ ಮೇಲೆ ನಿಜವಾಗಿ ಗುಂಡು ಹಾರಿದೆ. ಇಡೀ ಮ್ಯಾಸಿಡೋನಿಯಾ ಒಂದಾಗಬೇಕು ಅನ್ನುವ ಮಾತು ಯುಗೊಸ್ಲಾವಿಯಾ ಕಡೆಯಿಂದ ನಿಜವಾಗಿ ಬಂದಿದೆ.

ಏನೇನು ಮಾಡಿ ನೋಡಿದೆವು

ಮೊದಲ ಉಪಾಯ, ವಿಶ್ವಸಂಸ್ಥೆಯ ಹೆಸರು. ಅಧಿಕೃತ, ಎರಡೂ ದೇಶ ಕಾಗದದ ಮೇಲೆ ಒಪ್ಪಿಕೊಂಡದ್ದು. ಮೇಡಂ ಒಂದೇ ಮಾತಿನಲ್ಲಿ ಮುಗಿಸಿದರು: "ಈ ಮಕ್ಕಳು ಹುಟ್ಟೋ ಹೊತ್ತಿಗೆ ಯುಗೊಸ್ಲಾವಿಯಾ ಸತ್ತು ಹತ್ತು ವರ್ಷ ಆಗಿತ್ತು. ಇವರನ್ನ ‘ಮಾಜಿ’ ಅಂತ ಕರೀಬೇಡಿ."

ಎರಡನೆಯದು ನನ್ನದು. ಆಗ ಬಹಳ ಬುದ್ಧಿವಂತಿಕೆ ಅನ್ನಿಸಿತ್ತು. ದೇಶದ ಹೆಸರೇ ಬೇಡ, ಭಾಷೆಯ ಹೆಸರೂ ಬೇಡ. ಊರಿನ ಹೆಸರು ಸಾಕು. ಭಾಷೆ ಬರುವ ಕಡೆ ‘ನೆರೆಯ ಭಾಷೆ’ ಅಂತ ಹಾಕಿ. ಯಾರಿಗೂ ನೋವಾಗುವುದಿಲ್ಲ.

ಎಲ್ಲರಿಗೂ ನೋವಾಯಿತು. ಮೊದಲು ಊರಿನ ಹೆಸರಿನಲ್ಲೇ ಸಿಕ್ಕಿಬಿದ್ದೆವು. ಆ ಭಾಗದ ಊರುಗಳಿಗೆಲ್ಲ ಎರಡೆರಡು, ಮೂರು ಮೂರು ಹೆಸರು. ಉತ್ತರದವರು ಬಿಟೊಲಾ ಅನ್ನುವ ಊರು ಗ್ರೀಕರಿಗೆ ಮೊನಾಸ್ತಿರಿ. ಗ್ರೀಕರ ಫ್ಲೋರಿನಾ ಉತ್ತರದವರ ಬಾಯಲ್ಲಿ ಲೆರಿನ್. 1920ರ ದಶಕದಲ್ಲಿ ಗ್ರೀಸ್ ಸರ್ಕಾರ ತನ್ನ ಉತ್ತರ ಭಾಗದ ನೂರಾರು ಹಳ್ಳಿಗಳಿಗೆ ಹೊಸ ಗ್ರೀಕ್ ಹೆಸರು ಇಟ್ಟಿತ್ತು. ಹಳೇ ಹೆಸರು ಬರೆದರೆ ಒಬ್ಬರಿಗೆ ಸಿಟ್ಟು, ಹೊಸ ಹೆಸರು ಬರೆದರೆ ಇನ್ನೊಬ್ಬರಿಗೆ. ಬೆಳಗಾವಿಯ ಬೋರ್ಡುಗಳಿಗೆ ಮಸಿ ಬೀಳುವುದನ್ನು ನೋಡಿ ಬೆಳೆದ ನಾನು ಇದನ್ನು ಮೊದಲೇ ಊಹಿಸಬೇಕಿತ್ತು, ಅಲ್ವಾ?

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಹೊಸ ಕರಡನ್ನು ಮಕ್ಕಳಿಗೆ ಕಳಿಸಿದೆವು. ಉತ್ತರದ ಒಬ್ಬ ಹುಡುಗಿಯ ಪ್ರತಿ ವಾಪಸ್ ಬಂತು. ‘ನೆರೆಯ ಭಾಷೆ’ ಅಂತ ಇದ್ದ ಕಡೆಯೆಲ್ಲ ನೀಲಿ ಪೆನ್ನಿನಲ್ಲಿ ಗೀಟು. ಅಂಚಿನಲ್ಲಿ ಒಂದು ಪ್ರಶ್ನೆ: ‘ಯಾರಿಗೆ ನೆರೆ? ನನ್ನ ಅಜ್ಜಿಗೆ ಇದು ನೆರೆಯವರ ಭಾಷೆ ಅಲ್ಲ.’

ಅದೇ ವಾರ ಗ್ರೀಕ್ ಕಡೆಯಿಂದಲೂ ಒಂದು ಮಾತು ಬಂತು. ಹೆಸರನ್ನು ಖಾಲಿ ಬಿಟ್ಟರೆ, ಏನನ್ನೋ ಮುಚ್ಚಿಟ್ಟ ಹಾಗೆ ಕಾಣುತ್ತದಂತೆ. ಸಿಟ್ಟಿನಲ್ಲಿದ್ದವರಿಗೆ ಈಗ ಅನುಮಾನವೂ ಸೇರಿಕೊಂಡಿತು. ಇದು ಪೂರ್ತಿ ನನ್ನ ತಪ್ಪು. ಹೊರಗಿನವನಿಗೆ ಹೆಸರು ಅಂದರೆ ದಾರಿಗೆ ಅಡ್ಡ ಬಿದ್ದ ಕಲ್ಲು. ಎತ್ತಿ ಪಕ್ಕಕ್ಕಿಟ್ಟರೆ ಬಸ್ಸು ಮುಂದೆ ಹೋಗುತ್ತೆ ಅಂದುಕೊಂಡಿದ್ದೆ.

ಬೀನ್ಸ್ ಅಜ್ಜಿ

ಕೆಲಸ ನಿಂತೇ ಹೋಗಿತ್ತು. ಏಪ್ರಿಲಿನಲ್ಲಿ ನಾನು ಮತ್ತೆ ಗ್ರೀಕ್ ಕಡೆಗೆ ಹೋದೆ, ಒಂದು ಅಡುಗೆಯ ಅಳತೆ ಸರಿಮಾಡುವ ನೆಪದಲ್ಲಿ. ಪ್ರೆಸ್ಪಾ ಸರೋವರದ ಸುತ್ತಮುತ್ತ ಬೆಳೆಯುವ ಬಿಳಿ ಬೀನ್ಸ್ ಗ್ರೀಸಿನಲ್ಲೆಲ್ಲ ಹೆಸರುವಾಸಿ. ನಮ್ಮ ಡಬಲ್ ಬೀನ್ಸಿಗಿಂತಲೂ ದಪ್ಪ. ರಾತ್ರಿ ನೆನೆಸಿ, ಬೇಯಿಸಿ, ಈರುಳ್ಳಿ ಟೊಮ್ಯಾಟೊ ಜತೆ ಮಣ್ಣಿನ ತಟ್ಟೆಯಲ್ಲಿ ಒಲೆಗಿಡುತ್ತಾರೆ. ಗಡಿಯಾಚೆಯೂ ಹೆಚ್ಚು ಕಡಿಮೆ ಇದೇ ಅಡುಗೆ. ಅಲ್ಲಿ ಅದು ‘ತಾವ್ಚೆ ಗ್ರಾವ್ಚೆ’.

ಅಡುಗೆ ಕೊಟ್ಟದ್ದು ಎಂಬತ್ತು ದಾಟಿದ ಒಬ್ಬ ಅಜ್ಜಿ. ಮೊಮ್ಮಗ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಗ್ರೀಕಿನಲ್ಲಿ ಬರೆದು ತಂದಿದ್ದ. ನಾವು ಕೂತು ರೆಕಾರ್ಡಿಂಗ್ ಕೇಳಿದೆವು. ಅಜ್ಜಿ ಗ್ರೀಕಿನಲ್ಲಿ ಶುರು ಮಾಡುತ್ತಾರೆ. ಉಪ್ಪು ಯಾವಾಗ ಹಾಕಬೇಕು ಅನ್ನುವ ಕಡೆ ಬಂದಾಗ ಮಾತು ಜಾರಿ ಬೇರೆ ಭಾಷೆಗೆ ಹೋಗುತ್ತದೆ. ಅಡುಗೆ ಮುಗಿಯುವವರೆಗೂ ಅದೇ ಭಾಷೆ.

ಇದು ಯಾವ ಭಾಷೆ ಅಂತ ನಾನು ಕೇಳಿದೆ. ಕೇಳಬಾರದಿತ್ತೋ ಏನೋ. ಮೊಮ್ಮಗ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಅಜ್ಜಿ ಕೈಯಲ್ಲಿದ್ದ ಬೀನ್ಸನ್ನು ಆರಿಸುತ್ತಲೇ ಇದ್ದರು.

"ನಮ್ದು" ಅಂದರು.

ಅಷ್ಟೇ. ಆ ಭಾಗದ ಸ್ಲಾವಿಕ್ ಮಾತಿನ ಹಿರಿಯರು ತಮ್ಮ ಮಾತನ್ನು ಕರೆಯುವುದೇ ಹಾಗೆ: ‘ನಮ್ಮದು’, ‘ನಮ್ಮ ಕಡೆಯದು’. ಗ್ರೀಕಿನಲ್ಲಿ ಹೇಳಬೇಕಾದರೆ ‘ದೋಪಿಯಾ’, ಅಂದರೆ ಊರಿನದು. ಕೆಲವರಿಗೆ ಅದು ಭಯದಿಂದ ಕಲಿತ ಜಾಣತನ. ಇನ್ನು ಕೆಲವರಿಗೆ ಅದಕ್ಕಿಂತ ಬೇರೆ ಹೆಸರು ಬೇಕಾಗಿಯೇ ಇಲ್ಲ. ಈ ಅಜ್ಜಿ ತಮ್ಮನ್ನು ಗ್ರೀಕಳು ಅಂತಲೇ ಕರೆದುಕೊಳ್ಳುತ್ತಾರೆ. ಅವರ ತಮ್ಮ 1948ರಲ್ಲಿ ಐದು ವರ್ಷದ ಹುಡುಗನಾಗಿ ಗಡಿ ದಾಟಿ, ಆ ಕಡೆ ಮ್ಯಾಸಿಡೋನಿಯನ್ ಅನ್ನಿಸಿಕೊಂಡು ಬದುಕಿ ಸತ್ತರು. ಒಂದೇ ತಾಯಿಯ ಮಕ್ಕಳು, ಒಂದೇ ಬೀನ್ಸ್.

"ನಿಮ್ಮ ತಮ್ಮ ಈ ಭಾಷೆಯನ್ನ ಏನಂತ ಕರೀತಿದ್ರು?" ಅಂತ ಕೇಳಿದೆ.

"ಅವನದ್ದನ್ನ ಅವನು ಏನು ಬೇಕಾದ್ರೂ ಕರೀಲಿ ಮಗಾ. ನನ್ನದನ್ನ ನಾನು ಕರೀತೀನಿ."

ವಾಪಸ್ ಬರುವಾಗ ಕಾರಿನಲ್ಲಿ ಮೇಷ್ಟ್ರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗೇ ಅಂದರು, "ಅಜ್ಜಿ ಅಡುಗೆಗೆ ಅಜ್ಜಿ ಹೇಳಿದ ಹೆಸರೇ ಹಾಕೋಣ." ಈ ಪ್ರಕರಣದ ನಿಜವಾದ ತಿರುವು ಇದು ಅಂತ ನನ್ನ ಲೆಕ್ಕ. ಆಮೇಲೆ ನಡೆದ ದೊಡ್ಡ ಒಪ್ಪಂದ ಅಲ್ಲ.

ನಿಯಮ ಹೀಗೆ ಆಯಿತು: ಭಾಷೆಗೆ ಹೆಸರಿಡುವುದು ಸಂಪಾದಕರಲ್ಲ, ಶಾಲೆಯಲ್ಲ, ಅಡುಗೆ ಕೊಟ್ಟವರು. ಮಕ್ಕಳು ಮತ್ತೆ ಮನೆಮನೆಗೆ ಹೋಗಿ ಕೇಳಿಕೊಂಡು ಬಂದರು. ಗ್ರೀಕ್, ಮ್ಯಾಸಿಡೋನಿಯನ್, ಪೊಂತಿಯನ್, ವ್ಲಾಖ್ (ಬಾಲ್ಕನ್ ಗುಡ್ಡಗಾಡಿನ, ಲ್ಯಾಟಿನ್ ಮೂಲದ ಮಾತು), ಟರ್ಕಿಷ್, ನಮ್ಮದು. ಎರಡು ಭಾಷೆಯ ಪುಸ್ತಕ ಅಂದುಕೊಂಡಿದ್ದದ್ದು ಆರು ಹೆಸರಿಗೆ ಬಂದು ನಿಂತಿತು. ವ್ಲಾಖ್ ಅಜ್ಜಿಯರು ಎರಡೂ ಕಡೆ ಸಿಕ್ಕರು. ಅವರಿಗೆ ಈ ಜಗಳ ನೋಡಿ ನಗು.

ಸರೋವರದ ಒಪ್ಪಂದ

ಆದರೆ ‘ಮ್ಯಾಸಿಡೋನಿಯನ್’ ಎಂಬ ಪದ ಹಾಗೇ ಇತ್ತಲ್ಲ. ಗ್ರೀಕ್ ಶಾಲೆ ಅದಕ್ಕಿನ್ನೂ ಒಪ್ಪಿರಲಿಲ್ಲ.

2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದ ಪ್ಸರಾದೆಸ್ ಎಂಬ ಹಳ್ಳಿಯಲ್ಲಿ ಎರಡು ದೇಶಗಳ ವಿದೇಶಾಂಗ ಸಚಿವರು ಒಪ್ಪಂದಕ್ಕೆ ಸಹಿ ಹಾಕಿದರು. ಪ್ರಧಾನಿಗಳಾದ ಗ್ರೀಸಿನ ಸಿಪ್ರಾಸ್, ಆ ಕಡೆಯ ಜಾಯೆವ್ ಇಬ್ಬರೂ ಅಲ್ಲೇ ಇದ್ದರು. ದೇಶದ ಹೆಸರು ‘ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ’ ಆಯಿತು. ಭಾಷೆಯ ಹೆಸರು ಮ್ಯಾಸಿಡೋನಿಯನ್ ಅಂತಲೇ ಉಳಿಯಿತು. 1977ರಲ್ಲಿ ಸ್ಥಳನಾಮಗಳ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನವೊಂದು ಆ ಹೆಸರನ್ನು ಬಳಸಿತ್ತು ಅಂತ ಒಪ್ಪಂದ ಆಧಾರ ಕೊಟ್ಟಿತು. ಆ ಸಮ್ಮೇಳನ ನಡೆದದ್ದು ಎಲ್ಲಿ ಗೊತ್ತಾ? ಅಥೆನ್ಸಿನಲ್ಲಿ.

ಪತ್ರಿಕೆಗಳೆಲ್ಲ ‘ಉತ್ತರ’ ಎಂಬ ಪದದ ಸುತ್ತ ಬರೆದವು. ನನಗೆ ಕೆಲಸಕ್ಕೆ ಬಂದದ್ದು ಏಳನೇ ವಿಧಿ. ಮ್ಯಾಸಿಡೋನಿಯಾ, ಮ್ಯಾಸಿಡೋನಿಯನ್ ಎಂಬ ಪದಗಳಿಗೆ ನಮ್ಮಿಬ್ಬರ ಅರ್ಥ ಬೇರೆ ಬೇರೆ ಅಂತ ಎರಡೂ ದೇಶ ಅಲ್ಲಿ ಒಪ್ಪಿಕೊಂಡಿವೆ. ಗ್ರೀಸಿಗೆ ಅದು ತನ್ನ ಉತ್ತರ ಪ್ರಾಂತ್ಯ, ಅದರ ಜನ, ಪ್ರಾಚೀನ ಕಾಲದಿಂದ ಬಂದ ಗ್ರೀಕ್ ಪರಂಪರೆ. ಇನ್ನೊಂದು ದೇಶಕ್ಕೆ ಅದು ತನ್ನ ನೆಲ, ತನ್ನ ಜನ, ತನ್ನ ಭಾಷೆ. ಆ ಭಾಷೆ ದಕ್ಷಿಣ ಸ್ಲಾವಿಕ್ ಗುಂಪಿನದು, ಪ್ರಾಚೀನ ಗ್ರೀಕರಿಗೂ ಅದಕ್ಕೂ ಸಂಬಂಧವಿಲ್ಲ. ವಿಧಿಯನ್ನು ಓದುತ್ತಾ ನನಗೆ ಬೀನ್ಸ್ ಅಜ್ಜಿಯ ಮಾತೇ ಕೇಳಿಸಿತು. ವಕೀಲರ ಭಾಷೆಯಲ್ಲಿ, ಅಷ್ಟೇ ವ್ಯತ್ಯಾಸ. ಪದವನ್ನು ಯಾರೂ ಬಿಡಲಿಲ್ಲ, ಮುಚ್ಚಲಿಲ್ಲ. ಎರಡು ಅರ್ಥ ಇವೆ ಅಂತ ಕಾಗದದ ಮೇಲೆ ಬರೆದರು.

ಅದನ್ನೇ ನಾವೂ ಮಾಡಿದೆವು. ಪುಸ್ತಕದ ಐದನೇ ಪುಟ ಪೂರ್ತಿ ಆ ಪದಕ್ಕೆ. ಎಡಕ್ಕೆ ಮೇಷ್ಟ್ರು ನಾಲ್ಕು ಸಾಲು ಬರೆದರು: ನಾನು ಮ್ಯಾಸಿಡೋನಿಯಾ ಅಂದಾಗ ಏನು ಹೇಳುತ್ತಿದ್ದೇನೆ. ಬಲಕ್ಕೆ ಮೇಡಂ ನಾಲ್ಕು ಸಾಲು. ಇಬ್ಬರೂ ಇನ್ನೊಬ್ಬರ ಸಾಲನ್ನು ತಿದ್ದುವಂತಿಲ್ಲ. ಮೇಷ್ಟ್ರು ಹನ್ನೊಂದು ಸಲ ತಿದ್ದಿ ಬರೆದರು, ತಮ್ಮದನ್ನೇ.

ಮೇಡಂಗೂ ಇದು ಸುಲಭವಾಗಿರಲಿಲ್ಲ. ಮಕ್ಕಳ ಪರಿಚಯದಲ್ಲಿ ದೇಶದ ಹೆಸರಿಗೆ ಈಗ ‘ಉತ್ತರ’ ಸೇರಿಸಬೇಕು. ಅವರ ದೇಶದಲ್ಲಿ ಸೆಪ್ಟೆಂಬರ್ 30ರ ಜನಮತಕ್ಕೆ ನೂರಕ್ಕೆ 37ರಷ್ಟು ಜನ ಮಾತ್ರ ಬಂದಿದ್ದರು. ಬಂದವರಲ್ಲಿ ಹೆಚ್ಚಿನವರು ಹೌದು ಅಂದರು, ಉಳಿದವರು ಮನೆಯಲ್ಲೇ ಕೂತರು. ಮೇಡಂ ಕೂಡ ಮನೆಯಲ್ಲೇ ಕೂತಿದ್ದರಂತೆ. "ಪುಸ್ತಕಕ್ಕೆ ಒಪ್ತೀನಿ, ಮನಸ್ಸಿಗೆ ಟೈಮ್ ಬೇಕು" ಅಂದರು.

ಏನಾಯಿತು

ಗ್ರೀಕ್ ಶಾಲೆ ಸಂಸತ್ತಿನ ತೀರ್ಮಾನದವರೆಗೂ ಕಾದಿತು. 2019ರ ಜನವರಿ 25ರಂದು 300 ಸದಸ್ಯರಲ್ಲಿ 153 ಜನ ಒಪ್ಪಂದದ ಪರ ಮತ ಹಾಕಿದರು. ಫೆಬ್ರವರಿ 12ರಂದು ಹೆಸರು ಜಾರಿಗೆ ಬಂತು. ಮೇ ತಿಂಗಳಲ್ಲಿ ಪುಸ್ತಕ ಅಚ್ಚಾಯಿತು.

24 ಅಡುಗೆ ಅಂದುಕೊಂಡಿದ್ದೆವು, ಬಂದದ್ದು 22. ಗ್ರೀಕ್ ಕಡೆಯ ಎರಡು ಕುಟುಂಬ ಕೊನೆಗಳಿಗೆಯಲ್ಲಿ ತಮ್ಮ ಅಡುಗೆ ವಾಪಸ್ ತೆಗೆದುಕೊಂಡವು. ಒಂದು, ವಾಟ್ಸಾಪಿಗೆ ಫೋಟೊ ಹಾಕಿದ ಅಪ್ಪನದು. ಅವರನ್ನು ಒಪ್ಪಿಸಲು ನಾನು ಹೋಗಲಿಲ್ಲ. ಅವರ ಮಗ ಮಾತ್ರ ಕೊನೆಯವರೆಗೂ ತಂಡದಲ್ಲಿದ್ದ, ಫೋಟೊಗಳೆಲ್ಲ ಅವನೇ ತೆಗೆದದ್ದು. ಅವನ ಹೆಸರನ್ನು ಹೇಗೆ ಹಾಕಬೇಕು ಅಂತ ಅವನನ್ನೇ ಕೇಳಿದೆವು. ಮೊದಲ ಅಕ್ಷರ ಸಾಕು ಅಂದ.

ಈಗ ಯಾರಾದರೂ ಇಂಥ ಕೆಲಸಕ್ಕೆ ಹೊರಟರೆ ನಾನು ಎರಡು ಮಾತು ಹೇಳುತ್ತೇನೆ. ಕರಡು ಅಚ್ಚಿಗೆ ಹೋಗುವ ಮೊದಲಲ್ಲ, ಮೊದಲ ಮೆಣಸಿನಕಾಯಿ ಒಲೆಗೆ ಬೀಳುವ ಮೊದಲೇ ಆ ಐದನೇ ಪುಟ ಬರೆಸಿ. ನಾವು ಮಕ್ಕಳ ಬೆರಳು ಕಪ್ಪಾದದ್ದನ್ನು ನೋಡಿ ಎಲ್ಲ ಸರಿಯಿದೆ ಅಂತ ನಂಬಿದ್ದೆವು. ಇನ್ನೊಂದು, ಹೊರಗಿನವರು ಪೆನ್ನು ಹಿಡಿಯಬೇಡಿ. ಹೊರಗಿನವರು ಟೀ ತರಿಸಬಹುದು, ಬಸ್ಸಿನ ವ್ಯವಸ್ಥೆ ಮಾಡಬಹುದು, ಇಬ್ಬರೂ ಮಾತು ಬಿಟ್ಟಾಗ ಫೋನ್ ಮಾಡಬಹುದು. ‘ನೆರೆಯ ಭಾಷೆ’ ಅಂತ ಬರೆದ ಪೆನ್ನು ನನ್ನದಾಗಿತ್ತು.

ಹೆಸರು ಜಾರಿಗೆ ಬಂದ ಮೇಲೆ ಗಡಿಯ ತುಂಡು ಹಾಳೆ ನಿಂತಿತು, ಸೀಲು ಪಾಸ್‌ಪೋರ್ಟಿನ ಮೇಲೇ ಬೀಳತೊಡಗಿತು. ಬಿಡುಗಡೆಗೆ ಬಂದಾಗ ಮೇಡಂ ತಮ್ಮ ಪಾಸ್‌ಪೋರ್ಟ್ ತೆರೆದು ತೋರಿಸಿದರು. ಡಬ್ಬಿ ಏನು ಮಾಡಿದಿರಿ ಅಂತ ಕೇಳಿದೆ. ಇಟ್ಟುಕೊಂಡಿದ್ದೇನೆ ಅಂದರು.

ಆವತ್ತು ಕೊನೆಗೆ ಕಾಫಿ ಬಂತು. ಪುಸ್ತಕದ 71ನೇ ಪುಟದ ಅಡುಗೆ ಅದು. ಉದ್ದ ಹಿಡಿಯ ಪುಟ್ಟ ಪಾತ್ರೆ, ಗ್ರೀಕಿನಲ್ಲಿ ಬ್ರೀಕಿ, ಮೇಡಂ ಭಾಷೆಯಲ್ಲಿ ಗ್ಯೆಜ್ವೆ. 1974ರಲ್ಲಿ ಸೈಪ್ರಸ್ಸಿಗೆ ಟರ್ಕಿಯ ಸೈನ್ಯ ನುಗ್ಗಿದ ಮೇಲೆ ಗ್ರೀಸಿನಲ್ಲಿ ‘ಟರ್ಕಿಷ್ ಕಾಫಿ’ ಅನ್ನುವುದು ತಪ್ಪಿಹೋಯಿತು, ಅದೇ ಕಾಫಿ ‘ಗ್ರೀಕ್ ಕಾಫಿ’ ಆಯಿತು. ಗಡಿಯಾಚೆ ಅದು ಇವತ್ತಿಗೂ ಟರ್ಕಿಷ್ ಕಾಫಿಯೇ. ಮಕ್ಕಳು ಎರಡೂ ಹೆಸರು ಹಾಕಿದ್ದರು, ಯಾರೂ ತಕರಾರು ಮಾಡಿರಲಿಲ್ಲ. ಮೇಷ್ಟ್ರಿಗೂ ಮೇಡಂಗೂ ಜಗಳ ಹತ್ತಿದ್ದು ನೊರೆಯ ಬಗ್ಗೆ. ಒಂದು ಸಲ ಉಕ್ಕಿದರೆ ಸಾಕು ಅಂತ ಒಬ್ಬರು, ಮೂರು ಸಲ ಉಕ್ಕಬೇಕು ಅಂತ ಇನ್ನೊಬ್ಬರು.

ಒಂದು ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ಹೊರಗಿನ ಕಪಾಟಿನಲ್ಲಿದೆ. ಇನ್ನೊಂದರಲ್ಲಿ ಬೀಗ ಹಾಕಿದ ಬೀರುವಿನಲ್ಲಿ. ಕೇಳಿದರೆ ಕೊಡುತ್ತಾರಂತೆ. ಐದನೇ ಪುಟದ ಬಲಭಾಗದ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದಾರೆ. ಇನ್ನ್ಯಾರೋ ಅದನ್ನು ರಬ್ಬರಿನಿಂದ ಅರ್ಧ ಅಳಿಸಿದ್ದಾರೆ.